ಮಳೆಯ ಲೆಕ್ಕ ಯಾರ ಕೈಯಲ್ಲಿದೆ?

(ಮಹಿಳಾ ಸ್ವ-ಸಹಾಯ ಸಂಘಗಳ ಪ್ರತಿನಿಧಿಗಳ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಾಠ)



ಬೋರ್ಡಿನ ಮೇಲೆ 'ಮಳೆ ಅಳೆಯುವುದು' ಅಂತ ಬರೆದ ಕೂಡಲೇ ಹಿಂದಿನ ಸಾಲಿನಲ್ಲಿ ಕೂತಿರುವ ಒಬ್ಬ ಅಜ್ಜಿ ನಕ್ಕರು. "ಏನ್ ಸಿಸ್ಟರ್, ಹಾಲು ಅಳೀತೀವಿ, ರಾಗಿ ಅಳೀತೀವಿ, ಈಗ ಮೇಲಿಂದ ಬೀಳೋ ಮಳೇನೂ ಅಳೀಬೇಕಾ? ದೇವರು ಕೊಟ್ಟಷ್ಟು ಕೊಟ್ಟ" ಅಂದರು. ಅಜ್ಜಿಯ ಮಾತಿನಲ್ಲಿ ತಪ್ಪೇನಿಲ್ಲ. ಮಳೆ ದೇವರ ಕೊಡುಗೆ. ಆದರೆ ಅಜ್ಜೀ, ಆ ಕೊಡುಗೆ ನಮ್ಮ ಹೊಲಕ್ಕೆ ಎಷ್ಟು ಬಂತು, ಪಕ್ಕದ ಊರಿಗೆ ಎಷ್ಟು ಹೋಯಿತು ಅಂತ ಬರೆದಿಡುವ ಕೆಲಸ ದೇವರದ್ದಲ್ಲ, ನಮ್ಮದು. ಆ ಕೆಲಸವನ್ನು ನಾವು ಮಾಡದೆ ಇದ್ದುದರಿಂದ ಏನಾಯಿತು ಎಂಬುದನ್ನು ಮೊದಲು ಹೇಳುತ್ತೇವೆ.

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಸಂಘಗಳಿರುವ ಒಂದು ಹಳ್ಳಿ. ಮುಂಗಾರು ಶುರುವಿನಲ್ಲಿ ಒಳ್ಳೆ ಹದ ಮಳೆ ಬಂತು, ಎಲ್ಲರೂ ಶೇಂಗಾ ಬಿತ್ತಿದರು. ಗಿಡ ಹೂವಿಗೆ ಬರುವ ಹೊತ್ತಿಗೆ ಮಳೆ ಕೈಕೊಟ್ಟಿತು. ಆರೇಳು ಕಿಲೋಮೀಟರ್ ದೂರದ ಪಂಚಾಯಿತಿ ಊರಿನಲ್ಲಿ ಮಾತ್ರ ಎರಡು ಸಂಜೆ ಜೋರು ಮಳೆ ಹೊಡೆಯಿತು. ಅಲ್ಲಿಯ ಒಬ್ಬ ಹಿರಿಯರು, "ಎತ್ತಿನ ಒಂದು ಕೊಂಬು ನೆನೀತು, ಇನ್ನೊಂದು ಕೊಂಬು ಒಣಗಿತು" ಅಂತ ಹೇಳಿದ್ದು ಇನ್ನೂ ನೆನಪಿದೆ. ಮಳೆ ಅಳೆಯುವ ಯಂತ್ರ ಇದ್ದದ್ದು ನೆನೆದ ಕೊಂಬಿನ ಕಡೆ. ಪರಿಹಾರ ಕೇಳಲು ನಾವು ಹತ್ತಾರು ಮಹಿಳೆಯರನ್ನು ಕರೆದುಕೊಂಡು ಒಂದು ಕಚೇರಿಗೆ ಹೋದೆವು. ಅಲ್ಲಿಯವರು ಕಂಪ್ಯೂಟರ್ ನೋಡಿ, "ನಿಮ್ಮ ಪಂಚಾಯಿತಿಯಲ್ಲಿ ಮಳೆ ಆಗಿದೆಯಲ್ಲ" ಅಂದರು. "ನಮ್ಮೂರಲ್ಲಿ ಆಗಿಲ್ಲ ಸಾರ್" ಅಂದೆವು. "ಅದಕ್ಕೆ ಏನಾದರೂ ದಾಖಲೆ ಇದೆಯಾ?" ಅಂತ ಕೇಳಿದರು.

ನಮ್ಮ ಹತ್ತಿರ ಏನಿತ್ತು? ಉಳಿತಾಯದ ಲೆಕ್ಕ ಇತ್ತು, ಸಾಲದ ಲೆಕ್ಕ ಇತ್ತು, ಸಭೆಯ ನಡಾವಳಿ ಪುಸ್ತಕ ಇತ್ತು, ಯಾರು ಎಷ್ಟು ಗಂಟೆಗೆ ಬಂದರು ಎಂಬುದೂ ಇತ್ತು. ಮಳೆಯ ಲೆಕ್ಕ ಇರಲಿಲ್ಲ. ಬರಿಗೈಲಿ ವಾಪಸ್ ಬಂದೆವು. ಆ ವರ್ಷ ಆ ಸಂಘದ ಎರಡು ಕುಟುಂಬಗಳು ಎತ್ತು ಮಾರಿದವು, ಒಂದು ಕುಟುಂಬ ಮಕ್ಕಳನ್ನು ಅಜ್ಜಿಯ ಹತ್ತಿರ ಬಿಟ್ಟು ಇಟ್ಟಿಗೆ ಗೂಡಿನ ಕೆಲಸಕ್ಕೆ ಹೋಯಿತು. ಕಚೇರಿಯವರನ್ನು ಬೈದರೆ ಪ್ರಯೋಜನವಿಲ್ಲ, ಅವರ ಮುಂದೆ ಇದ್ದದ್ದು ಒಂದೇ ಅಂಕಿ. ಊರೂರಿಗೆ ಹೋಗಿ ಲೆಕ್ಕ ಬರೆಯಿರಿ, ಲೆಕ್ಕ ಬರೆಯಿರಿ ಅಂತ ಹೇಳುತ್ತಿದ್ದ ನಾವೇ, ಬಯಲುಸೀಮೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಲೆಕ್ಕವನ್ನು ಬರೆಸಿರಲಿಲ್ಲ. ಅದು ನಮ್ಮ ತಪ್ಪು. ಆ ತಪ್ಪನ್ನು ತಿದ್ದಿಕೊಳ್ಳುವುದಕ್ಕಾಗಿಯೇ ಈ ವಿಷಯವನ್ನು ಓದಿಕೊಂಡು, ನಿಮ್ಮ ಮುಂದೆ ನಿಂತಿದ್ದೇವೆ.

ಮಿಲಿಮೀಟರ್ ಅಂದರೆ ಏನು?

ರೇಡಿಯೋದಲ್ಲಿ "ಇಂದು 20 ಮಿಲಿಮೀಟರ್ ಮಳೆಯಾಗಿದೆ" ಅಂತ ಹೇಳುತ್ತಾರೆ. ನೀರನ್ನು ಲೀಟರಿನಲ್ಲಿ ಹೇಳುವ ಬದಲು ಬಟ್ಟೆ ಅಳೆದ ಹಾಗೆ ಉದ್ದದಲ್ಲಿ ಯಾಕೆ ಹೇಳುತ್ತಾರೆ? ಬಿದ್ದ ಮಳೆ ಹರಿದುಹೋಗದೆ, ಇಂಗದೆ, ಆವಿಯಾಗದೆ ಸಮತಟ್ಟಾದ ನೆಲದ ಮೇಲೆ ಹಾಗೇ ನಿಂತಿದ್ದರೆ ಎಷ್ಟು ಎತ್ತರ ನಿಲ್ಲುತ್ತಿತ್ತೋ ಅದೇ ಆ ಅಳತೆ. ಒಂದು ಮೀಟರ್ ಉದ್ದ ಒಂದು ಮೀಟರ್ ಅಗಲದ ಜಾಗದಲ್ಲಿ ಒಂದು ಮಿಲಿಮೀಟರ್ ನೀರು ನಿಂತರೆ ಅದು ಸರಿಯಾಗಿ ಒಂದು ಲೀಟರ್. ಒಂದು ಎಕರೆ ಹೊಲಕ್ಕೆ ಲೆಕ್ಕ ಹಾಕಿದರೆ ಸುಮಾರು 4,000 ಲೀಟರ್. ನೀವು ತಲೆಯ ಮೇಲೆ ಹೊರುವ 15 ಲೀಟರಿನ ಕೊಡದಲ್ಲಿ 260ಕ್ಕೂ ಹೆಚ್ಚು ಕೊಡ! ಬರೀ ಒಂದು ಮಿಲಿಮೀಟರ್ ಮಳೆಗೆ ಇಷ್ಟು. ಅಷ್ಟು ನೀರನ್ನು ಬೋರ್‌ವೆಲ್ಲಿನಿಂದ ಹೊತ್ತು ಹಾಕಬೇಕಾದರೆ ಎಷ್ಟು ದಿನ ಬೇಕು ಅಂತ ನೀವೇ ಯೋಚಿಸಿ.

ಹಿಂದಿನವರೂ ಅಳೆದಿದ್ದರು

ಮಳೆ ಅಳೆಯುವುದು ಪರದೇಶದವರು ಕಲಿಸಿದ ಹೊಸ ವಿದ್ಯೆ ಅಂತ ತಿಳಿಯಬೇಡಿ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಉಗ್ರಾಣದ ಮುಂದೆ ಮಳೆ ಅಳೆಯುವ ಪಾತ್ರೆ ಇಡಬೇಕು ಅಂತ ಇದೆ. ಯಾವ ಯಾವ ಪ್ರದೇಶದಲ್ಲಿ ಎಷ್ಟು ದ್ರೋಣ ಮಳೆ ಬೀಳುತ್ತದೆ ಎಂಬ ಪಟ್ಟಿಯೂ ಇದೆ. ಒಣ ಪ್ರದೇಶಕ್ಕೆ 16 ದ್ರೋಣ, ಅವಂತಿ ದೇಶಕ್ಕೆ 23 ದ್ರೋಣ, ಹೀಗೆ. ಅದನ್ನು ಒಂದು ರೀತಿಯ ಮಳೆ ನಕ್ಷೆ ಅಂತಲೇ ಹೇಳಬಹುದು, ಚಿತ್ರ ಇಲ್ಲ ಅಷ್ಟೇ. ಇನ್ನೂ ಒಂದು ಮಾತು ಅಲ್ಲಿದೆ: ಒಟ್ಟು ಮಳೆಯ ಮೂರರಲ್ಲಿ ಒಂದು ಪಾಲು ಮಳೆಗಾಲದ ಮೊದಲ ಮತ್ತು ಕೊನೆಯ ತಿಂಗಳಲ್ಲಿ, ಎರಡು ಪಾಲು ನಡುವಿನ ತಿಂಗಳುಗಳಲ್ಲಿ ಬಂದರೆ ಅದು ಚೆನ್ನಾಗಿ ಹಂಚಿಕೆಯಾದ ಮಳೆ. ಎಷ್ಟು ಬಂತು ಎಂಬುದರ ಜೊತೆಗೆ ಯಾವಾಗ ಬಂತು ಎಂಬುದೂ ಮುಖ್ಯ ಅಂತ ಅವರಿಗೆ ಗೊತ್ತಿತ್ತು. ನಮ್ಮ ಹಿರಿಯರು ರೋಹಿಣಿ, ಮೃಗಶಿರ, ಆರಿದ್ರಾ, ಮಘೆ, ಹುಬ್ಬೆ ಅಂತ ಒಂದೊಂದು ಮಳೆಗೂ ಹೆಸರಿಟ್ಟು ಬಿತ್ತನೆ ಮಾಡುತ್ತಿದ್ದದ್ದೂ ಇದೇ ತಿಳಿವಳಿಕೆಯಿಂದ.

ಕೊರಿಯಾ ದೇಶದ ಕಥೆ ಕೇಳಿ. ಅಲ್ಲಿ ಸೆಜೋಂಗ್ ಎಂಬ ರಾಜ ಇದ್ದ. ಮಳೆ ಬಂದ ಮೇಲೆ ನೆಲ ಎಷ್ಟು ಆಳದವರೆಗೆ ನೆನೆದಿದೆ ಎಂದು ನೋಡಿ ಊರೂರಿನಿಂದ ವರದಿ ಕಳಿಸಬೇಕಿತ್ತು. ನಮ್ಮಲ್ಲಿ ಮಣ್ಣಿಗೆ ಕೈಹಾಕಿ ಹದ ನೋಡುತ್ತಾರಲ್ಲ, ಹಾಗೆ. ಆದರೆ ಒಣಗಿದ ಮಣ್ಣು ಒಂದು ತರಹ ನೆನೆಯುತ್ತದೆ, ಮೊದಲೇ ತೇವ ಇರುವ ಮಣ್ಣು ಇನ್ನೊಂದು ತರಹ. ಹಾಗಾಗಿ ಒಂದೂರಿನ ಲೆಕ್ಕವನ್ನು ಇನ್ನೊಂದೂರಿನ ಲೆಕ್ಕಕ್ಕೆ ಹೋಲಿಸಲು ಆಗುತ್ತಿರಲಿಲ್ಲ. 1441ರಲ್ಲಿ, ಯುವರಾಜನ ಯೋಚನೆಯಂತೆ ಎನ್ನುತ್ತಾರೆ, ಮಳೆ ಹಿಡಿಯುವ ಕೊಳವೆಯಾಕಾರದ ಪಾತ್ರೆಯನ್ನು ಮಾಡಿದರು. ಮರುವರ್ಷ ಒಂದೇ ಅಳತೆಯ, ಸುಮಾರು ಒಂದು ಅಡಿ ಎತ್ತರದ ಪಾತ್ರೆಗಳನ್ನು ನಾಡಿನ ಎಲ್ಲ ಕಡೆಗೂ ಕಳಿಸಿದರು. ಇಲ್ಲಿ ದೊಡ್ಡ ವಿಷಯ ಪಾತ್ರೆಯಲ್ಲ, ಎಲ್ಲ ಊರಿಗೂ ಒಂದೇ ಅಳತೆಯ ಪಾತ್ರೆ ಕೊಟ್ಟದ್ದು. ನಮ್ಮ ಸಂತೆಯಲ್ಲಿ ಒಬ್ಬೊಬ್ಬರ ಸೇರು ಒಂದೊಂದು ಅಳತೆ ಇದ್ದರೆ ವ್ಯಾಪಾರ ನಡೆಯುತ್ತದೆಯೇ?

ಯುರೋಪಿನಲ್ಲಿ ಈ ಕೆಲಸ ಮಾಡಿದವರಲ್ಲಿ ಮೊದಲಿಗರು ಒಬ್ಬ ಸನ್ಯಾಸಿ ಗುರು ಎಂಬುದು ನಮಗೆ ಸಂತೋಷದ ವಿಷಯ. ಬೆನೆದಿಕ್ತರ ಸಭೆಗೆ ಸೇರಿದ ಬೆನೆದೆತ್ತೊ ಕಾಸ್ತೆಲ್ಲಿ, ಗೆಲಿಲಿಯೋನ ಶಿಷ್ಯರು. 1639ರಲ್ಲಿ ಇಟಲಿಯ ಪೆರುಜಿಯಾ ಹತ್ತಿರದ ತ್ರಾಸಿಮೇನೊ ಕೆರೆ ಮಳೆಯಿಲ್ಲದೆ ಇಳಿದುಹೋಗಿತ್ತು. ಆಮೇಲೆ ಮಳೆ ಬಂತು. ಈ ಮಳೆಗೆ ಕೆರೆ ಎಷ್ಟು ಏರಬಹುದು ಅಂತ ತಿಳಿಯಲು ಅವರು ಒಂದು ಗಾಜಿನ ಪಾತ್ರೆಯನ್ನು ಬಯಲಿನಲ್ಲಿ ಇಟ್ಟು, ತುಂಬಿದ ನೀರಿನ ಎತ್ತರ ನೋಡಿ, ಆ ಸಂಗತಿಯನ್ನು ಗೆಲಿಲಿಯೋಗೆ ಪತ್ರ ಬರೆದರು. ಕೆರೆಯ ಬಗ್ಗೆ ಚಿಂತೆ ಮಾಡಿದವರು ಪ್ರಾರ್ಥನೆಯನ್ನೂ ಮಾಡಿದರು, ಪಾತ್ರೆಯನ್ನೂ ಇಟ್ಟರು. ಎರಡಕ್ಕೂ ಜಗಳವಿಲ್ಲ.

ಒಂದು ಪಾತ್ರೆಯಿಂದ ನಕ್ಷೆ ಆಗುವುದಿಲ್ಲ

ಒಬ್ಬರು ಒಂದು ಕಡೆ ಅಳೆದರೆ ಒಂದು ಅಂಕಿ ಸಿಗುತ್ತದೆ. ನೂರು ಜನ ನೂರು ಕಡೆ, ಒಂದೇ ಹೊತ್ತಿಗೆ, ಒಂದೇ ರೀತಿ ಅಳೆದರೆ ಮಳೆಯ ನಡೆ ಕಾಣುತ್ತದೆ. ಇದನ್ನು ತೋರಿಸಿಕೊಟ್ಟವರು ಇಂಗ್ಲೆಂಡಿನ ಜಾರ್ಜ್ ಜೇಮ್ಸ್ ಸೈಮನ್ಸ್. 1860ರಲ್ಲಿ, ಇನ್ನೂ ಇಪ್ಪತ್ತೆರಡರ ಯುವಕ, 168 ಕಡೆಯ ಮಳೆ ಲೆಕ್ಕ ಕೂಡಿಸಿ ಪ್ರಕಟಿಸಿದರು. 1900ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ 3,000ಕ್ಕೂ ಹೆಚ್ಚು ಕಡೆಗಳಿಂದ ಲೆಕ್ಕ ಬರುತ್ತಿತ್ತು. ಇವರೆಲ್ಲ ಸಂಬಳದ ನೌಕರರಲ್ಲ. ಗುರುಗಳು, ವೈದ್ಯರು, ಜಮೀನಿನವರು, ಮನೆಯ ಹೆಣ್ಣುಮಕ್ಕಳು, ತಮ್ಮ ತಮ್ಮ ಹಿತ್ತಲಲ್ಲಿ ದಿನಾ ಬೆಳಿಗ್ಗೆ ಅಳೆದು ಬರೆದವರು. ನಮ್ಮ ದೇಶದ ಮಳೆ ಕೇಂದ್ರಗಳಲ್ಲಿ ಬಹಳ ಕಾಲ ಬಳಸಿದ, ಐದು ಅಂಗುಲ ಬಾಯಿಯ ಮಳೆಮಾಪಕಕ್ಕೆ ಸೈಮನ್ಸ್ ಮಳೆಮಾಪಕ ಎಂದೇ ಹೆಸರು.

ನಕ್ಷೆ ಹೇಗೆ ಮಾಡುತ್ತಾರೆ? ಬಹಳ ಸುಲಭ. ಊರುಗಳ ನಕ್ಷೆಯ ಮೇಲೆ ಒಂದೊಂದು ಊರಿನ ಮಳೆಯ ಅಂಕಿ ಬರೆಯುತ್ತಾರೆ. ಒಂದೇ ಅಂಕಿ ಇರುವ ಊರುಗಳನ್ನು ಸೇರಿಸಿ ಗೆರೆ ಎಳೆಯುತ್ತಾರೆ. 500 ಮಿ.ಮೀ. ಗೆರೆ, 1,000 ಮಿ.ಮೀ. ಗೆರೆ, ಹೀಗೆ. ಇದಕ್ಕೆ ಸಮಮಳೆ ರೇಖೆ ಅನ್ನುತ್ತಾರೆ. ರಂಗೋಲಿಯ ಚುಕ್ಕಿ ಇಟ್ಟು ಗೆರೆ ಎಳೆದ ಹಾಗೆ! ಚುಕ್ಕಿ ಹತ್ತಿರ ಹತ್ತಿರ ಇದ್ದರೆ ಚಿತ್ರ ಸರಿಯಾಗುತ್ತದೆ. ದೂರ ದೂರ ಇದ್ದರೆ ನಡುವೆ ಊಹೆ ಮಾಡಿ ಎಳೆಯಬೇಕು. ಅಮೆರಿಕದ ಎಲಿಯಾಸ್ ಲೂಮಿಸ್ ಎಂಬ ಪ್ರಾಧ್ಯಾಪಕರು 1882ರಲ್ಲಿ ಈ ರೀತಿ ಇಡೀ ಪ್ರಪಂಚದ ವಾರ್ಷಿಕ ಮಳೆಯ ನಕ್ಷೆಯನ್ನು ಪ್ರಕಟಿಸಿದರು.

ಆ ನಕ್ಷೆಗಳಲ್ಲಿ ಏನು ಕಾಣುತ್ತದೆ? ದೇವರ ಮಳೆ ಎಲ್ಲರಿಗೂ ಸೇರಿದ್ದು, ಆದರೆ ಸಮನಾಗಿ ಬೀಳುವುದಿಲ್ಲ. ಮೇಘಾಲಯದ ಮೌಸಿನ್‌ರಾಮ್‌ನಲ್ಲಿ ವರ್ಷಕ್ಕೆ ಸರಾಸರಿ ಸುಮಾರು 11,800 ಮಿ.ಮೀ. ಅದರ ಪಕ್ಕದ ಚಿರಾಪುಂಜಿಯಲ್ಲಿ 1860ರ ಆಗಸ್ಟ್‌ನಿಂದ 1861ರ ಜುಲೈವರೆಗೆ ಹನ್ನೆರಡು ತಿಂಗಳಲ್ಲಿ 26,470 ಮಿ.ಮೀ. ಬಿದ್ದದ್ದು ವಿಶ್ವದಾಖಲೆ. ಇನ್ನೊಂದು ತುದಿಯಲ್ಲಿ, ದಕ್ಷಿಣ ಅಮೆರಿಕದ ಚಿಲಿ ದೇಶದ ಆರಿಕಾ ಪಟ್ಟಣದಲ್ಲಿ 1903ರ ಅಕ್ಟೋಬರ್‌ನಿಂದ 1918ರ ಜನವರಿವರೆಗೆ, 173 ತಿಂಗಳು, ಅಳೆಯುವಷ್ಟು ಒಂದು ಹನಿಯೂ ಬೀಳಲಿಲ್ಲ. ಆ ಹದಿನಾಲ್ಕು ವರ್ಷ ಅಲ್ಲಿ ಯಾರೋ ಒಬ್ಬರು 'ಇವತ್ತೂ ಇಲ್ಲ' ಅಂತ ಬರೆಯುತ್ತಲೇ ಇದ್ದರು, ಅದಕ್ಕೇ ನಮಗೆ ಗೊತ್ತಾಗಿದೆ. ಆದರೆ ಅಷ್ಟು ಮಳೆ ಬೀಳುವ ಚಿರಾಪುಂಜಿಯ ಹೆಣ್ಣುಮಕ್ಕಳು ಕೂಡ ಚಳಿಗಾಲದಲ್ಲಿ ಕುಡಿಯುವ ನೀರಿಗೆ ದೂರ ನಡೆಯಬೇಕಾಗುತ್ತದೆ. ಬಿದ್ದ ನೀರು ನಿಲ್ಲದಿದ್ದರೆ ಹಾಗೆ.

ನಮ್ಮ ರಾಜ್ಯವನ್ನೇ ನೋಡಿ. ಆಗುಂಬೆಯಲ್ಲಿ ವರ್ಷದ ಮಳೆ 7,000 ಮಿ.ಮೀ. ದಾಟುತ್ತದೆ. ಅಲ್ಲಿಂದ ನೇರ ಗೆರೆ ಎಳೆದರೆ 200 ಕಿಲೋಮೀಟರ್ ಒಳಗೇ ಇರುವ ಚಳ್ಳಕೆರೆಯಲ್ಲಿ 500 ಮಿ.ಮೀ.ಗೂ ಕಡಿಮೆ. ಕಾರಣ ನಡುವೆ ನಿಂತಿರುವ ಘಟ್ಟ. ಸಮುದ್ರದಿಂದ ಬರುವ ಒದ್ದೆ ಗಾಳಿ ಘಟ್ಟ ಹತ್ತುತ್ತಾ ತಣ್ಣಗಾಗಿ ಅಲ್ಲೇ ಸುರಿದುಬಿಡುತ್ತದೆ. ಈಚೆ ಇಳಿಯುವಾಗ ಅದರ ಕೈ ಬರಿದು. ನಾವು ಈ ಮಳೆ ನೆರಳಿನಲ್ಲಿ ಬದುಕುವವರು. ನಮಗೆ ಒಂದೊಂದು ಮಿಲಿಮೀಟರೂ ಲೆಕ್ಕಕ್ಕೆ ಬರುತ್ತದೆ.

ದೂರದ ಸಮುದ್ರಕ್ಕೂ ನಮ್ಮ ಹೊಲಕ್ಕೂ ನಂಟು

ಭಾರತದಲ್ಲಿ ಹವಾಮಾನ ಇಲಾಖೆ ಶುರುವಾದದ್ದು 1875ರಲ್ಲಿ. 1864ರಲ್ಲಿ ಕಲ್ಕತ್ತೆಗೆ ಬಡಿದ ಚಂಡಮಾರುತ, 1866 ಮತ್ತು 1871ರಲ್ಲಿ ಕೈಕೊಟ್ಟ ಮುಂಗಾರು, ಇವೆಲ್ಲ ಆದ ಮೇಲೆ ಸರಕಾರಕ್ಕೆ ಎಚ್ಚರವಾಯಿತು. ಇಲಾಖೆ ಶುರುವಾದ ಮರುವರ್ಷವೇ ಮೈಸೂರು, ಮದ್ರಾಸು ಪ್ರಾಂತ್ಯಗಳನ್ನು ನುಂಗಿದ 1876-78ರ ಘೋರ ಬರ ಬಂತು. ಊರು ಊರೇ ಖಾಲಿಯಾದ ಆ ಬರದ ನೆನಪು ಅಜ್ಜಿಯರ ಮಾತಿನಲ್ಲಿ ಬಹಳ ಕಾಲ ಉಳಿದಿತ್ತು.

1904ರಲ್ಲಿ ಗಿಲ್ಬರ್ಟ್ ವಾಕರ್ ಎಂಬ ಗಣಿತಜ್ಞರು ಈ ಇಲಾಖೆಯ ಮುಖ್ಯಸ್ಥರಾದರು. ಮುಂಗಾರು ಯಾಕೆ ಕೈಕೊಡುತ್ತದೆ ಎಂದು ಹುಡುಕುತ್ತಾ ಅವರು ಭಾರತದ ಲೆಕ್ಕ ಮಾತ್ರ ನೋಡಲಿಲ್ಲ, ಪ್ರಪಂಚದ ಬೇರೆ ಬೇರೆ ಕಡೆಯ ಮಳೆ, ಗಾಳಿಯ ಒತ್ತಡ, ಉಷ್ಣತೆಯ ಅಂಕಿಗಳನ್ನು ತರಿಸಿ ತಾಳೆ ನೋಡಿದರು. ಆಗ ಒಂದು ಸಂಗತಿ ಕಂಡಿತು. ಪೆಸಿಫಿಕ್ ಸಾಗರದ ಕಡೆ ಗಾಳಿಯ ಒತ್ತಡ ಏರಿದರೆ ಹಿಂದೂ ಮಹಾಸಾಗರದ ಕಡೆ ಇಳಿಯುತ್ತದೆ, ಅಲ್ಲಿ ಇಳಿದರೆ ಇಲ್ಲಿ ಏರುತ್ತದೆ. ಮಕ್ಕಳು ಆಡುವ ಏರಿಳಿತದ ಹಲಗೆಯ ಹಾಗೆ. ಮುಂದೆ 1960ರ ದಶಕದಲ್ಲಿ ಇದಕ್ಕೂ ಪೆಸಿಫಿಕ್ ಸಾಗರದ ನೀರು ಬಿಸಿಯಾಗುವ ಎಲ್ ನಿನೊಗೂ ಇರುವ ನಂಟು ಸ್ಪಷ್ಟವಾಯಿತು. ಎಲ್ ನಿನೊ ಬಂದ ವರ್ಷಗಳಲ್ಲಿ ನಮ್ಮ ಮುಂಗಾರು ಸೊರಗುವ ಸಂಭವ ಹೆಚ್ಚು. 2023 ಅಂಥ ಒಂದು ವರ್ಷ. ಆ ವರ್ಷ ಕರ್ನಾಟಕದಲ್ಲಿ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಬೇಕಾಯಿತು. ಹಾಗಾಗಿ ಪೆರು ದೇಶದ ಮೀನುಗಾರನ ಸಮುದ್ರಕ್ಕೂ ನಮ್ಮ ಶೇಂಗಾ ಹೊಲಕ್ಕೂ ಸಂಬಂಧವಿದೆ. ಇದು ತಿಳಿದದ್ದು ಎಲ್ಲೆಲ್ಲೋ ಯಾರ್ಯಾರೋ ದಿನಾ ಬರೆದಿಟ್ಟ ಅಂಕಿಗಳಿಂದ.

ಮೇಲಿನಿಂದ ನೋಡುವ ಕಣ್ಣು

ಈಗ ನೀವು ಕೇಳಬಹುದು, "ಉಪಗ್ರಹ ಇದೆಯಲ್ಲ ಸಿಸ್ಟರ್, ಅದೇ ಎಲ್ಲಾ ನೋಡುತ್ತಲ್ಲ, ನಾವ್ಯಾಕೆ ಡಬ್ಬ ಇಡಬೇಕು?" ಒಳ್ಳೆಯ ಪ್ರಶ್ನೆ. ಮಳೆಯನ್ನು ಮೇಲಿನಿಂದ ರೇಡಾರ್ ಹಾಕಿ ನೋಡುವ ಮೊದಲ ಉಪಗ್ರಹವನ್ನು ಅಮೆರಿಕ ಮತ್ತು ಜಪಾನ್ ಸೇರಿ 1997ರಲ್ಲಿ ಹಾರಿಸಿದವು. ಅದು 2015ರವರೆಗೆ ಕೆಲಸ ಮಾಡಿತು. ಅದರ ನಂತರದ್ದು 2014ರಲ್ಲಿ ಹೋಯಿತು. ನಮ್ಮ ಇಸ್ರೋ ಮತ್ತು ಫ್ರಾನ್ಸ್ ಸೇರಿ 2011ರಲ್ಲಿ 'ಮೇಘಾ-ಟ್ರಾಪಿಕ್ಸ್' ಹಾರಿಸಿದವು, ಅದನ್ನು 2023ರಲ್ಲಿ ಕೆಳಗಿಳಿಸಿ ಮುಗಿಸಿದರು. ಈಗ ಹಲವು ದೇಶಗಳ ಉಪಗ್ರಹಗಳ ಮಾಹಿತಿ ಸೇರಿಸಿ, ಅರ್ಧ ಗಂಟೆಗೊಮ್ಮೆಯ ಮಳೆಯನ್ನು ತೋರಿಸುವ ಪ್ರಪಂಚದ ನಕ್ಷೆ ತಯಾರಾಗುತ್ತದೆ. ಭೂಮಿಯ ನೂರರಲ್ಲಿ ಎಪ್ಪತ್ತು ಪಾಲು ಸಮುದ್ರ. ಅಲ್ಲಿ ಯಾರು ಡಬ್ಬ ಇಡುತ್ತಾರೆ? ಆಫ್ರಿಕದ ಎಷ್ಟೋ ಕಡೆ ಮಳೆ ಕೇಂದ್ರಗಳು ತೀರಾ ವಿರಳ. ಅಂಥಲ್ಲಿ ಉಪಗ್ರಹ ದೊಡ್ಡ ಉಪಕಾರ ಮಾಡಿದೆ.

ಆದರೆ ಅದಕ್ಕೂ ಮಿತಿ ಇದೆ. ಆ ನಕ್ಷೆಯ ಒಂದು ಚೌಕ ಸುಮಾರು 10 ಕಿಲೋಮೀಟರ್ ಉದ್ದ, 10 ಕಿಲೋಮೀಟರ್ ಅಗಲ. ನಿಮ್ಮ ಊರು, ಪಕ್ಕದ ಊರು, ಪಂಚಾಯಿತಿ ಊರು ಎಲ್ಲಾ ಸೇರಿ ಒಂದೇ ಅಂಕಿ. ಉಪಗ್ರಹ ಮಳೆಯನ್ನು ನೇರವಾಗಿ ಅಳೆಯುವುದೂ ಇಲ್ಲ, ಮೋಡ ಮತ್ತು ಹನಿಗಳಿಂದ ಬರುವ ಅಲೆಗಳನ್ನು ನೋಡಿ ಅಂದಾಜು ಮಾಡುತ್ತದೆ. ಘಟ್ಟದ ಮೇಲೆ ತಗ್ಗು ಮೋಡದಿಂದ ಬೀಳುವ ಮಳೆಯನ್ನು ಅದು ಎಷ್ಟೋ ಸಲ ಕಡಿಮೆ ಎಣಿಸುತ್ತದೆ. ಹಾಗಾಗಿ ಉಪಗ್ರಹದ ಅಂದಾಜನ್ನು ತಿದ್ದಲು ನೆಲದ ಮೇಲಿನ ಪಾತ್ರೆಯೇ ಬೇಕು. ಪ್ರಪಂಚದ ಮಳೆಮಾಪಕಗಳ ಲೆಕ್ಕವನ್ನು ಒಂದೆಡೆ ಕೂಡಿಸುವ ಕೇಂದ್ರವೊಂದು 1989ರಿಂದ ಜರ್ಮನಿಯಲ್ಲಿ ಕೆಲಸ ಮಾಡುತ್ತಿದೆ.

2017ರಲ್ಲಿ ಪ್ರಕಟವಾದ ಒಂದು ಅಧ್ಯಯನ ಓದಿ ನಮಗೆ ಆಶ್ಚರ್ಯವಾಯಿತು. ಪ್ರಪಂಚದಲ್ಲಿ ಲೆಕ್ಕಕ್ಕೆ ಸಿಗುವ ಎಲ್ಲ ಮಳೆಮಾಪಕಗಳ ಬಾಯಿಗಳನ್ನು ಒಂದಕ್ಕೊಂದು ತಾಗಿಸಿ ಜೋಡಿಸಿದರೆ ಎಷ್ಟು ಜಾಗ ಆಗುತ್ತದೆ ಗೊತ್ತೇ? ಒಂದು ಫುಟ್‌ಬಾಲ್ ಮೈದಾನದ ಅರ್ಧಕ್ಕಿಂತ ಕಡಿಮೆ! ಇಡೀ ಭೂಮಿಗೆ ಬೀಳುವ ಮಳೆಯನ್ನು ನಾವು ಅಷ್ಟು ಜಾಗದಲ್ಲಿ ಹಿಡಿದು ಅಳೆಯುತ್ತಿದ್ದೇವೆ. ಇನ್ನೊಂದು ಪಾತ್ರೆ ಸೇರಿದರೆ ಅದು ವ್ಯರ್ಥ ಅಂತ ಯಾರೂ ಹೇಳಲಾರರು.

ಅಮೆರಿಕದ ಒಂದು ಊರು ಕಲಿತ ಪಾಠ

ಅಮೆರಿಕದ ಕೊಲರಾಡೊ ರಾಜ್ಯದಲ್ಲಿ ಫೋರ್ಟ್ ಕಾಲಿನ್ಸ್ ಎಂಬ ಊರಿದೆ. 1997ರ ಜುಲೈ 28ರಂದು ಅಲ್ಲಿ ದಿಢೀರ್ ಪ್ರವಾಹ ಬಂದು ಐವರು ಸತ್ತರು. ಆಮೇಲೆ ಮನೆ ಮನೆಗೆ ಹೋಗಿ, ಅಂಗಳದಲ್ಲಿದ್ದ ಡಬ್ಬ, ಬಕೆಟ್ಟುಗಳಲ್ಲಿ ನಿಂತ ನೀರನ್ನೂ ಕೇಳಿ ಲೆಕ್ಕ ಹಾಕಿದಾಗ, ಊರಿನ ಪಶ್ಚಿಮ ಭಾಗದಲ್ಲಿ ಒಂದೂಕಾಲು ದಿನದಲ್ಲಿ 14 ಅಂಗುಲಕ್ಕೂ ಹೆಚ್ಚು ಮಳೆ, ಅಂದರೆ 350 ಮಿ.ಮೀ.ಗೂ ಮೇಲೆ ಬಿದ್ದಿತ್ತು. ಕೆಲವೇ ಕಿಲೋಮೀಟರ್ ದೂರದ ಇನ್ನೊಂದು ಬದಿಯಲ್ಲಿ ಎರಡು ಅಂಗುಲವೂ ಇಲ್ಲ. ಅಷ್ಟು ಶ್ರೀಮಂತ ದೇಶದಲ್ಲೂ ಸರಕಾರಿ ಯಂತ್ರಗಳ ನಡುವೆ ಆ ಮಳೆ ಜಾರಿಹೋಯಿತು. ಮರುವರ್ಷ, 1998ರಲ್ಲಿ, ಅಲ್ಲಿಯ ವಿಶ್ವವಿದ್ಯಾಲಯದವರು ಸಾಮಾನ್ಯ ಜನರಿಗೆ ಒಂದೇ ಅಳತೆಯ ಮಳೆಮಾಪಕ ಇಟ್ಟುಕೊಂಡು ದಿನಾ ಬೆಳಿಗ್ಗೆ ಬರೆಯಲು ಕಲಿಸಿದರು. ಇವತ್ತು ಆ ಬಳಗದಲ್ಲಿ ಸಾವಿರಾರು ಜನ ಇದ್ದಾರೆ, ಶಾಲೆಯ ಮಕ್ಕಳಿಂದ ಹಿಡಿದು ನಿವೃತ್ತಿಯಾದ ಅಜ್ಜಂದಿರವರೆಗೆ. ಹವಾಮಾನ ಇಲಾಖೆಯವರೂ ಅವರ ಲೆಕ್ಕವನ್ನು ನೋಡುತ್ತಾರೆ.

ನಮ್ಮ ಕರ್ನಾಟಕವೂ ಹಿಂದೆ ಬಿದ್ದಿಲ್ಲ. 1988ರಲ್ಲಿ ಇಲ್ಲಿ ಬರ ಉಸ್ತುವಾರಿ ಕೋಶ ಶುರುವಾಯಿತು. ಅದೇ ಈಗಿನ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ತಾನಾಗಿ ಅಳೆದು ಮಾಹಿತಿ ಕಳಿಸುವ ಯಂತ್ರಗಳನ್ನು, 6,000ಕ್ಕೂ ಹೆಚ್ಚು, ಅದು ಕೂರಿಸಿದೆ. ಹವಾಮಾನ ಆಧಾರಿತ ಬೆಳೆ ವಿಮೆಗೆ ಇಂಥ ಅಂಕಿಯೇ ಆಧಾರ. ಬರ ಘೋಷಣೆಗೂ, 2016ರ ಕೇಂದ್ರದ ಬರ ನಿರ್ವಹಣಾ ಕೈಪಿಡಿಯ ಪ್ರಕಾರ, ಮೊದಲು ನೋಡುವುದು ಮಳೆಯ ಕೊರತೆಯನ್ನೇ. ಆದರೆ ಯಂತ್ರ ಅಂದ ಮೇಲೆ ಎಲೆ ಬಿದ್ದು ಬಾಯಿ ಕಟ್ಟಬಹುದು, ಹಕ್ಕಿ ಕೂತು ಗಲೀಜು ಮಾಡಬಹುದು, ಪಕ್ಕದಲ್ಲಿ ಮರ ಬೆಳೆದು ಮರೆಯಾಗಬಹುದು. ಅದನ್ನು ಯಾರು ಗಮನಿಸಬೇಕು? ಅದರ ಮೇಲೆ ಯಾರ ಬದುಕು ನಿಂತಿದೆಯೋ ಅವರೇ ಗಮನಿಸಬೇಕಲ್ಲವೇ?

ಇನ್ನೊಂದು ಎಚ್ಚರ. ಸರಾಸರಿ ಎಂಬುದು ಮೋಸ ಮಾಡಬಹುದು. ಒಂದೂರಿಗೆ 100 ಮಿ.ಮೀ. ಬಂತು, ಇನ್ನೊಂದೂರಿಗೆ ಏನೂ ಬರಲಿಲ್ಲ ಅಂದುಕೊಳ್ಳಿ. ಸರಾಸರಿ 50 ಮಿ.ಮೀ. ಕಾಗದದ ಮೇಲೆ ಇಬ್ಬರಿಗೂ ಮಳೆ ಆಯಿತು. ಹಾಗೆಯೇ ನಾಲ್ಕು ತಿಂಗಳ ಮೊತ್ತ ಸರಿಯಾಗಿದ್ದರೂ ಹೂವಿನ ಹೊತ್ತಿಗೆ ಮೂರು ವಾರ ಒಣಗಿದರೆ ಬೆಳೆ ಹೋಯಿತು. ಅದಕ್ಕೇ ಊರಿನ ಲೆಕ್ಕ ಊರಲ್ಲೇ ಇರಬೇಕು, ದಿನದ ಲೆಕ್ಕ ದಿನವೇ ಬರೆಯಬೇಕು.

ನಾವೇನು ಮಾಡಬೇಕು?

ಪ್ರತಿ ಸಂಘವೂ ಒಂದು ಮಳೆಮಾಪಕ ಇಡಬೇಕೆಂಬುದು ನಮ್ಮ ಕೋರಿಕೆ. ಅಂಗಡಿಯದ್ದು ಸಿಕ್ಕರೆ ಒಳ್ಳೆಯದು. ಇಲ್ಲದಿದ್ದರೆ ಮೇಲಿಂದ ಕೆಳಗಿನವರೆಗೆ ಒಂದೇ ಅಗಲ ಇರುವ, ತಳ ಚಪ್ಪಟೆಯಾದ ಡಬ್ಬ ಸಾಕು. ಸೊಂಟ ಸಣ್ಣ, ಹೊಟ್ಟೆ ದಪ್ಪ ಇರುವ ಕೊಡ, ಚೊಂಬು ಆಗುವುದಿಲ್ಲ. ನೇರ ಮೈಯ ಪ್ಲಾಸ್ಟಿಕ್ ಬಾಟಲಿಯ ತಲೆ ಕತ್ತರಿಸಿ, ಅದನ್ನೇ ತಲೆಕೆಳಗು ಮಾಡಿ ಆಲಿಕೆಯ ಹಾಗೆ ಇಟ್ಟರೆ ನೀರು ಆವಿಯಾಗುವುದು ಕಡಿಮೆ. ಬಾಟಲಿಯ ತಳ ಏರುಪೇರು ಇದ್ದರೆ ಸ್ವಲ್ಪ ಕಲ್ಲು ಹಾಕಿ, ಅದು ಮುಳುಗುವಷ್ಟು ನೀರು ತುಂಬಿ, ಅಲ್ಲಿ ಗೆರೆ ಎಳೆದು ಸೊನ್ನೆ ಅಂತ ಗುರುತು ಹಾಕಿ. ಅಲ್ಲಿಂದ ಮೇಲಕ್ಕೆ ಮಕ್ಕಳ ಸ್ಕೇಲಿನಿಂದ ಅಳೆಯಿರಿ. ಬಿಸಿಲಿಗೆ ನೀರು ಇಳಿದಿದ್ದರೆ ಸೊನ್ನೆ ಗೆರೆಯವರೆಗೆ ಮತ್ತೆ ತುಂಬಿಡಿ.

ಇಡುವ ಜಾಗ ಬಯಲಾಗಿರಬೇಕು. ಹತ್ತಿರದ ಮನೆ, ಮರ ಎಷ್ಟು ಎತ್ತರವೋ ಅದರ ಎರಡು ಪಟ್ಟಾದರೂ ದೂರ ಇರಲಿ. ಸೂರಿನ ಕೆಳಗೆ ಇಟ್ಟು ಮಳೆ ಜಾಸ್ತಿ ಬಂತು ಅನ್ನಬೇಡಿ! ಕೋಳಿ, ಕರು ಉರುಳಿಸದ ಹಾಗೆ ಗಟ್ಟಿಯಾಗಿ ನಿಲ್ಲಿಸಿ. ದಿನಾ ಬೆಳಿಗ್ಗೆ ಎಂಟೂವರೆಗೆ ನೋಡಿ ಬರೆದು ನೀರು ಚೆಲ್ಲಿ. ದೇಶದ ಹವಾಮಾನ ಇಲಾಖೆಯವರೂ ಅದೇ ಹೊತ್ತಿಗೆ ನೋಡುತ್ತಾರೆ, ಆದ್ದರಿಂದ ನಿಮ್ಮ ಅಂಕಿಯನ್ನು ಅವರ ಅಂಕಿಯ ಪಕ್ಕ ಇಡಬಹುದು. 2.5 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅದನ್ನು ಅವರು ಮಳೆ ದಿನ ಎಂದು ಎಣಿಸುತ್ತಾರೆ.

ಮೂರು ಮಾತು ಮರೆಯಬೇಡಿ. ಮೊದಲನೆಯದು, ಮಳೆ ಬರದ ದಿನ ಪುಸ್ತಕ ಖಾಲಿ ಬಿಡಬೇಡಿ, ಸೊನ್ನೆ ಬರೆಯಿರಿ. ಬರಗಾಲದಲ್ಲಿ ಸೊನ್ನೆಯೇ ನಿಮ್ಮ ಸಾಕ್ಷಿ. ಎರಡನೆಯದು, ನೋಡಲು ಮರೆತ ದಿನ ಸೊನ್ನೆ ಬರೆಯಬೇಡಿ, 'ನೋಡಲಿಲ್ಲ' ಅಂತ ಬರೆಯಿರಿ. ಇವೆರಡಕ್ಕೂ ಬಹಳ ವ್ಯತ್ಯಾಸವಿದೆ. ಮೂರನೆಯದು, ಪರಿಹಾರ ಸಿಗಲಿ ಅಂತ ಕಡಿಮೆ ಬರೆಯಬೇಡಿ. ಒಂದು ಸುಳ್ಳು ಸಿಕ್ಕಿಬಿದ್ದರೆ ಇಡೀ ಪುಸ್ತಕ ಸುಳ್ಳಾಗುತ್ತದೆ, ಎಲ್ಲ ಸಂಘಗಳ ಮಾತೂ ಬಿದ್ದುಹೋಗುತ್ತದೆ.

"ಇದನ್ನು ಬರೆದರೆ ದುಡ್ಡು ಬರುತ್ತಾ ಸಿಸ್ಟರ್?" ಅಂತ ಊಟದ ಹೊತ್ತಿನಲ್ಲಿ ಒಬ್ಬ ತಂಗಿ ಕೇಳಿದಳು. ನೇರವಾಗಿ ಹೇಳುತ್ತೇವೆ: ನಿಮ್ಮ ಡಬ್ಬದ ಲೆಕ್ಕದ ಮೇಲೆ ವಿಮೆಯವರು ಹಣ ಕೊಡುವುದಿಲ್ಲ. ಅವರಿಗೆ ಅವರ ಯಂತ್ರದ ಅಂಕಿಯೇ ಬೇಕು. ಆದರೆ ಎರಡು ವರ್ಷ ಬಿಡದೆ ಬರೆದ ಪುಸ್ತಕ ಕೈಲಿದ್ದರೆ, "ಯಂತ್ರ ಇರುವ ಊರಿಗೂ ನಮ್ಮೂರಿಗೂ ಇಷ್ಟು ವ್ಯತ್ಯಾಸ ಇದೆ, ಬಂದು ನೋಡಿ" ಅಂತ ಗ್ರಾಮಸಭೆಯಲ್ಲಿ ಎದ್ದುನಿಂತು ಕೇಳಬಹುದು. ಯಂತ್ರ ಕೆಟ್ಟಿದ್ದರೆ ದಿನಾಂಕ ಸಮೇತ ದೂರು ಕೊಡಬಹುದು. ಎಷ್ಟು ಮಳೆ ಬಂದ ಮೇಲೆ ಬಿತ್ತಿದರೆ ಮೊಳಕೆ ಉಳಿಯುತ್ತದೆ ಎಂಬುದು ನಿಮ್ಮ ಮಣ್ಣಿಗೆ ನಿಮಗೇ ಗೊತ್ತಾಗುತ್ತದೆ. ಕೃಷಿ ಹೊಂಡ ಎಷ್ಟು ದೊಡ್ಡದು ತೆಗೆಯಬೇಕು ಎಂಬ ಲೆಕ್ಕವೂ ಸಿಗುತ್ತದೆ. ಅವತ್ತು ಕಚೇರಿಯಲ್ಲಿ ನಾವು ತಲೆತಗ್ಗಿಸಿ ನಿಂತ ಹಾಗೆ ನೀವು ನಿಲ್ಲಬೇಕಾಗುವುದಿಲ್ಲ.

2015ರಲ್ಲಿ ದಿವಂಗತ ಪೋಪ್ ಫ್ರಾನ್ಸಿಸರು ತಮ್ಮ ವಿಶ್ವಪರಿಪತ್ರದಲ್ಲಿ ಹವಾಮಾನವು ಎಲ್ಲರಿಗೂ ಸೇರಿದ ಸೊತ್ತು, ಅದು ಕೆಟ್ಟರೆ ಮೊದಲು ನರಳುವವರು ಬಡವರು ಎಂಬ ವಿಚಾರವನ್ನು ಮುಂದಿಟ್ಟರು. ಎಲ್ಲರಿಗೂ ಸೇರಿದ ಸೊತ್ತಾದರೆ ಅದರ ಲೆಕ್ಕವೂ ಎಲ್ಲರ ಕೈಯಲ್ಲಿ ಇರಬೇಕು. ಇಲ್ಲಿ ಕೂತಿರುವವರಲ್ಲಿ ಹಿಂದೂಗಳಿದ್ದೀರಿ, ಮುಸಲ್ಮಾನರಿದ್ದೀರಿ, ಕ್ರೈಸ್ತರಿದ್ದೀರಿ. ಮಳೆಗಾಗಿ ಒಬ್ಬೊಬ್ಬರು ಒಂದೊಂದು ರೀತಿ ಬೇಡುತ್ತೀರಿ. ಡಬ್ಬ ಮಾತ್ರ ಎಲ್ಲರಿಗೂ ಒಂದೇ.

ಬೈಬಲಿನಲ್ಲಿ ಪ್ರವಾದಿ ಎಲೀಯನ ಕಥೆ ಬರುತ್ತದೆ. ಮೂರು ವರ್ಷದ ಬರ. ಎಲೀಯ ಬೆಟ್ಟದ ಮೇಲೆ ತಲೆಬಾಗಿ ಪ್ರಾರ್ಥಿಸುತ್ತಾ, ಸೇವಕನನ್ನು ಸಮುದ್ರದ ಕಡೆ ನೋಡಿ ಬಾ ಅಂತ ಕಳಿಸುತ್ತಾನೆ. ಏನೂ ಕಾಣುವುದಿಲ್ಲ. ಮತ್ತೆ ಕಳಿಸುತ್ತಾನೆ. ಹೀಗೆ ಏಳು ಸಲ. ಏಳನೆಯ ಸಲ ಅಂಗೈಯಷ್ಟು ಸಣ್ಣ ಮೋಡ ಕಾಣುತ್ತದೆ. ನಾವು ಯಾವಾಗಲೂ ಎಲೀಯನ ಪ್ರಾರ್ಥನೆಯ ಬಗ್ಗೆ ಪ್ರಸಂಗ ಕೇಳುತ್ತೇವೆ. ಆದರೆ ಆರು ಸಲ ಹೋಗಿ ಬಂದು "ಏನೂ ಇಲ್ಲ" ಅಂತ ಇದ್ದದ್ದನ್ನು ಇದ್ದ ಹಾಗೆ ಹೇಳಿದ ಆ ಹೆಸರಿಲ್ಲದ ಸೇವಕನನ್ನು ಮರೆತುಬಿಡುತ್ತೇವೆ. ಅವನು ಬೇಸರಪಟ್ಟು ಮೂರನೆಯ ಸಲಕ್ಕೇ ಕೂತುಬಿಟ್ಟಿದ್ದರೆ? ಅಥವಾ ಒಡೆಯನಿಗೆ ಸಂತೋಷವಾಗಲಿ ಅಂತ ಎರಡನೆಯ ಸಲವೇ ಮೋಡ ಕಂಡಿತು ಅಂದಿದ್ದರೆ?

ಆ ಸೇವಕನ ಕೆಲಸ ಇವತ್ತು ನಿಮಗೆ ವಹಿಸುತ್ತಿದ್ದೇವೆ. ಹೊರಗೆ ಮೇಜಿನ ಮೇಲೆ ಸಂಘಕ್ಕೊಂದರಂತೆ ಪುಸ್ತಕ ಇಟ್ಟಿದ್ದೇವೆ, ಹೋಗುವಾಗ ಸಹಿ ಮಾಡಿ ತೆಗೆದುಕೊಳ್ಳಿ. ಮುಂದಿನ ತಿಂಗಳ ಸಭೆಗೆ ಉಳಿತಾಯದ ಪುಸ್ತಕದ ಜೊತೆಗೆ ಅದನ್ನೂ ತನ್ನಿ. ಮೊದಲ ಪುಟದ ತುಂಬ ಸೊನ್ನೆ ಇದ್ದರೂ ಚಿಂತೆಯಿಲ್ಲ, ತನ್ನಿ.